ದಾಸವಾಳದ ಬುಡದ ಕಸ, ಕುಡಿಯ ಹಿಟ್ಟು ತಿಗಣೆ: ಯಾವುದಕ್ಕೆ ಯಾವ ದಾರಿ?

ದಾಸವಾಳದ ಕುಡಿಯಲ್ಲಿ ಬಿಳಿ ಹಿಟ್ಟು ಕಾಣಿಸಿಕೊಂಡರೆ ಹುಬ್ಬಳ್ಳಿ–ಧಾರವಾಡದ ಮನೆಗಳಲ್ಲಿ ಏಳುವ ಮೊದಲ ಪ್ರಶ್ನೆ ‘ಯಾವ ಔಷಧಿ ಹೊಡೆಯಬೇಕು?’ ಎಂಬುದು. ಅದೇ ಗಿಡದ ಬುಡದಲ್ಲಿ ಮೊಣಕಾಲೆತ್ತರ ನಿಂತ ಕಾಂಗ್ರೆಸ್ ಕಸದ (ಪಾರ್ಥೇನಿಯಂ) ಬಗ್ಗೆ ಯಾರೂ ಕೇಳುವುದಿಲ್ಲ. ಕಸ ನೋಟಕ್ಕೆ ಕೆಟ್ಟದ್ದು, ಹಬ್ಬ ಬಂದಾಗ ಕಿತ್ತರಾಯಿತು ಎಂಬ ಲೆಕ್ಕ. ನಾನು ಈ ಸರದಿಯನ್ನು ತಿರುಗಿಸಿ ಹಾಕಬೇಕು ಎನ್ನುತ್ತೇನೆ. ಬಿಳಿ ಹಿಟ್ಟಿನಂತೆ ಕಂಡು ದಾಸವಾಳವನ್ನು ಹೀರುವ ಹಿಟ್ಟು ತಿಗಣೆ ಎಂಬ ಕೀಟ ಕಾಂಗ್ರೆಸ್ ಕಸದ ಮೇಲೂ ಚೆನ್ನಾಗಿ ಬದುಕುತ್ತದೆ. ಗಿಡಕ್ಕೆ ಎಷ್ಟೇ ಚೆನ್ನಾಗಿ ಸಿಂಪಡಿಸಿದರೂ ಪಕ್ಕದ ಕಸದಲ್ಲಿ ಉಳಿದ ಮರಿಗಳು ಮತ್ತೆ ಹತ್ತುತ್ತವೆ, ಕೆಲವನ್ನು ಇರುವೆಗಳೇ ಹೊತ್ತು ತರುತ್ತವೆ. ಆದ್ದರಿಂದ ಕೀಟಕ್ಕೆ ಯಾವ ದಾರಿ ಹಿಡಿದರೂ ಅದರ ಫಲ ನೀವು ಕಸಕ್ಕೆ ಹಿಡಿದ ದಾರಿಯ ಮೇಲೆ ನಿಂತಿದೆ. ಈ ಬರಹದಲ್ಲಿ ಎರಡನ್ನೂ ಹೋಲಿಸಿದ್ದೇನೆ, ಕಸವನ್ನೇ ಮೊದಲು ತೆಗೆದುಕೊಂಡಿದ್ದೇನೆ.

ನಮ್ಮ ಭಾಗಕ್ಕೆ ಇದು ಹೆಚ್ಚು ಅನ್ವಯಿಸಲು ಇನ್ನೊಂದು ಕಾರಣವಿದೆ. ದಾಸವಾಳ, ಹತ್ತಿ, ಬೆಂಡೆ ಮೂರೂ ಒಂದೇ ಸಸ್ಯ ಕುಟುಂಬದವು. 1972ರಲ್ಲಿ ವರಲಕ್ಷ್ಮಿ, 1981ರಲ್ಲಿ ಡಿಸಿಎಚ್–32 ಎಂಬ ಹತ್ತಿ ಸಂಕರ ತಳಿಗಳು ಹೊರಬಂದದ್ದು ಧಾರವಾಡದ ಸಂಶೋಧನಾ ಕೇಂದ್ರದಿಂದ. ಹಾವೇರಿ, ಗದಗ, ಧಾರವಾಡ ಮೂರೂ ಜಿಲ್ಲೆಗಳು ಇಂದಿಗೂ ಹತ್ತಿ ಬೆಳೆಯುತ್ತವೆ. ಹತ್ತಿಯನ್ನು ಕಾಡುವ ಹಿಟ್ಟು ತಿಗಣೆ, ಬಿಳಿ ನೊಣ, ಜಿಗಿಹುಳು, ಕೆಂಪು ತಿಗಣೆಗಳಿಗೆ ದಾಸವಾಳವೂ ಬೇಕಾದ ಊಟ. 2005–06ರ ಸುಮಾರಿಗೆ ಗುಜರಾತಿನ ಹತ್ತಿ ಹೊಲಗಳಲ್ಲಿ ದೊಡ್ಡ ಹಾನಿ ಮಾಡಿ ದೇಶದ ಗಮನ ಸೆಳೆದ ಫೆನಕಾಕಸ್ ಸೊಲೆನಾಪ್ಸಿಸ್ ಎಂಬ ಹಿಟ್ಟು ತಿಗಣೆಗೆ ಕಾಂಗ್ರೆಸ್ ಕಸ ಮುಖ್ಯ ಆಸರೆ ಸಸ್ಯಗಳಲ್ಲಿ ಒಂದು. ಹೊಲದಲ್ಲಿ ಹತ್ತಿ ಇಲ್ಲದ ಬೇಸಿಗೆಯಲ್ಲಿ ಅದು ಉಳಿಯುವುದು ಇಂತಹ ಕಸದಲ್ಲಿ ಮತ್ತು ವರ್ಷವಿಡೀ ಹಸಿರಾಗಿರುವ ನಮ್ಮ ಅಂಗಳದ ಗಿಡಗಳಲ್ಲಿ.

ಮಣ್ಣು ನೋಡದೆ ದಾರಿ ಆರಿಸಬೇಡಿ

ಧಾರವಾಡದ ಪಶ್ಚಿಮಕ್ಕೆ, ಕಲಘಟಗಿ ಕಡೆ ಹೊರಟರೆ ಕೆಂಪು ಮಸಾರಿ. ನವಲಗುಂದ, ಗದಗ, ರೋಣದ ಕಡೆ ತಿರುಗಿದರೆ ಎರೆ ಮಣ್ಣು. ಹುಬ್ಬಳ್ಳಿ ಇವೆರಡರ ನಡುವೆ ಇದೆ. ಒಂದೇ ಬಡಾವಣೆಯಲ್ಲಿ ಹೊರಗಿನಿಂದ ತಂದು ಸುರಿದ ಮಣ್ಣಿನ ಅಂಗಳವೂ, ಮೂಲ ಎರೆಯ ಅಂಗಳವೂ ಸಿಗುತ್ತವೆ. ಕಸ ಕೀಳುವ ಕೆಲಸ ಇವೆರಡರಲ್ಲಿ ಒಂದೇ ಅಲ್ಲ.

ಮಸಾರಿಯಲ್ಲಿ ಮಳೆ ನಿಂತ ಮಾರನೆಯ ದಿನವೇ ಕುರ್ಪಿ ಹಿಡಿಯಬಹುದು, ಕಸ ಬೇರುಸಹಿತ ಬರುತ್ತದೆ. ಎರೆಯಲ್ಲಿ ಹಾಗಾಗದು. ಹಸಿ ಇದ್ದಾಗ ಮಣ್ಣು ಕೈಗೆ, ಕಾಲಿಗೆ, ಕುರ್ಪಿಗೆ ಮೆತ್ತಿಕೊಳ್ಳುತ್ತದೆ, ತುಳಿದ ಜಾಗ ಗಟ್ಟಿಯಾಗಿ ದಾಸವಾಳದ ಬೇರಿಗೆ ಗಾಳಿ ಸಿಗುವುದಿಲ್ಲ. ಒಣಗಿದ ಮೇಲೆ ಕಸದ ತಲೆ ಮಾತ್ರ ಕೈಗೆ ಬಂದು ಬೇರು ಒಳಗೇ ಉಳಿಯುತ್ತದೆ. ನಡುವೆ ಎರಡು ಮೂರು ದಿನ ಹದ ಇರುತ್ತದೆ. ಒಂದು ಹಿಡಿ ಮಣ್ಣನ್ನು ಮುಷ್ಟಿಯಲ್ಲಿ ಹಿಚುಕಿ: ಉಂಡೆಯಾಗಬೇಕು, ಹೆಬ್ಬೆರಳಿನಿಂದ ಒತ್ತಿದರೆ ಒಡೆಯಬೇಕು. ಹೊಲದವರು ಎಡೆ ಹೊಡೆಯಲು ಕಾಯುವುದು ಇದೇ ಹದಕ್ಕೆ. ಅಂಗಳದವರು ಭಾನುವಾರಕ್ಕೆ ಕಾಯುತ್ತಾರೆ. ಅಷ್ಟರಲ್ಲಿ ಹದ ಮೀರಿರುತ್ತದೆ.

ಕಸಕ್ಕೆ: ಕೈ, ಹೊದಿಕೆ, ಹಾಳೆ, ಕಳೆನಾಶಕ

ಒಂದೆರಡು ಗಿಡವಿರುವ ಮನೆಗೆ ಕೈಯಿಂದ ಕೀಳುವುದಕ್ಕಿಂತ ಉತ್ತಮ ದಾರಿ ನನಗೆ ಗೊತ್ತಿಲ್ಲ, ಆದರೆ ಯಾವ ಕಸಕ್ಕೆ ಎಂಬುದನ್ನು ನೋಡಿಕೊಳ್ಳಬೇಕು. ಕಾಂಗ್ರೆಸ್ ಕಸಕ್ಕೆ ಕೈಯೇ ಸರಿ. ಅದು ಬೀಜದಿಂದ ಮಾತ್ರ ಹುಟ್ಟುತ್ತದೆ, ಬೇರಿನಿಂದ ಮರಳಿ ಚಿಗುರುವ ತೊಂದರೆ ಕಡಿಮೆ. ಹೂವಾಗುವ ಮುಂಚೆ ಕಿತ್ತರೆ ಆ ತಲೆಮಾರು ಮುಗಿಯಿತು. ಬಿಟ್ಟರೆ ಒಂದು ದೊಡ್ಡ ಗಿಡ ಸಾವಿರಾರು ಬೀಜ ಉದುರಿಸುತ್ತದೆ. ಕೈಗವಸು ಹಾಕಿಕೊಳ್ಳಿ, ತುಂಬುತೋಳಿನ ಅಂಗಿ ಧರಿಸಿ, ಹೂವಿನ ಹಂತದಲ್ಲಿದ್ದರೆ ಮೂಗಿಗೆ ಬಟ್ಟೆಯನ್ನೂ ಕಟ್ಟಿ. ಈ ಕಸದ ಪರಾಗ ಮತ್ತು ಎಲೆಯ ಮೇಲಿನ ರೋಮಗಳು ಚರ್ಮಕ್ಕೂ ಉಸಿರಿಗೂ ಅಲರ್ಜಿ ತರುತ್ತವೆ; ಒಮ್ಮೆ ಹತ್ತಿಕೊಂಡ ಅಲರ್ಜಿ ಪ್ರತಿ ಬಾರಿಯೂ ಮರಳುತ್ತದೆ. ಮನೆಯಲ್ಲಿ ಆಸ್ತಮಾ ಇರುವವರಿಗೆ ಈ ಕೆಲಸ ಹಚ್ಚಲೇಬೇಡಿ.

ಜೇಕು ಎಂಬ ಗಡ್ಡೆಹುಲ್ಲಿನ ಕತೆ ಬೇರೆ. ಅದರ ಗಡ್ಡೆಗಳು ನೆಲದೊಳಗೆ ದಾರಕ್ಕೆ ಪೋಣಿಸಿದ ಮಣಿಗಳಂತೆ ಸಾಲಾಗಿ ಕೂತಿರುತ್ತವೆ. ಮೇಲಿನ ಹುಲ್ಲನ್ನು ಹಿಡಿದು ಎಳೆದರೆ ದಾರ ತುಂಡಾಗಿ, ಅಲ್ಲಿಯವರೆಗೆ ಮಲಗಿದ್ದ ಗಡ್ಡೆಗಳು ಒಂದೊಂದಾಗಿ ಚಿಗುರುತ್ತವೆ. ಕಿತ್ತಷ್ಟೂ ಹೆಚ್ಚುತ್ತದೆ ಎಂದು ಜನ ಹೇಳುವುದು ಸುಳ್ಳಲ್ಲ. ಜೇಕಿಗೆ ಎರಡು ದಾರಿಗಳಿವೆ: ಹದದಲ್ಲಿ ಒಂದು ಗೇಣು ಆಳದವರೆಗೆ ಕುರ್ಪಿ ಇಳಿಸಿ ಗಡ್ಡೆಸಹಿತ ಎತ್ತಿ ತೆಗೆಯುವುದು, ಇಲ್ಲವೇ ಎಲೆ ಮೂಡಿದಂತೆಲ್ಲ ಎರಡು ವಾರಕ್ಕೊಮ್ಮೆ ನೆಲಮಟ್ಟಕ್ಕೆ ಕತ್ತರಿಸುತ್ತಾ ಹೋಗಿ ಗಡ್ಡೆಯ ಕೂಡಿಟ್ಟ ಆಹಾರ ಮುಗಿಸುವುದು. ದಾಸವಾಳದ ಹೀರುಬೇರುಗಳು ಮೇಲ್ಮಣ್ಣಿನಲ್ಲೇ ಹರಡಿರುವುದರಿಂದ ಬುಡದ ಒಂದು ಅಡಿಯೊಳಗೆ ಎರಡನೆಯ ದಾರಿಯೇ ಸುರಕ್ಷಿತ, ಅದರಾಚೆ ಅಗೆಯಿರಿ.

ಕರಿಕೆಯೂ ಹಠಮಾರಿಯೇ. ಅದರ ಹಂಬಿನ ಪ್ರತಿ ಗಿಣ್ಣೂ ಬೇರು ಬಿಡುತ್ತದೆ, ಕಿತ್ತು ಅಲ್ಲೇ ಒಗೆದರೆ ಮಳೆಗೆ ಮತ್ತೆ ಹತ್ತಿಕೊಳ್ಳುತ್ತದೆ. ಗಣೇಶನಿಗೆ ದಾಸವಾಳವೂ ಬೇಕು, ಕರಿಕೆಯೂ ಬೇಕು. ಕಾಂಪೌಂಡಿನ ಒಂದು ಮೂಲೆಯಲ್ಲಿ, ಗಿಡದಿಂದ ದೂರ, ಕರಿಕೆಗೆ ಜಾಗ ಬಿಟ್ಟು ಉಳಿದ ಕಡೆ ಎತ್ತಿ ತೆಗೆಯುವುದು ನನಗೆ ಒಪ್ಪಿಗೆಯಾದ ವ್ಯವಸ್ಥೆ.

ಕಿತ್ತ ನಂತರ ನೆಲವನ್ನು ಬರಿದಾಗಿ ಬಿಟ್ಟರೆ ಮುಂದಿನ ಮಳೆಗೆ ಹೊಸ ಕಸ ಏಳುತ್ತದೆ. ಆದ್ದರಿಂದ ಕೈ ಮತ್ತು ಹೊದಿಕೆಯನ್ನು ಒಂದಾದ ಮೇಲೊಂದು ಮಾಡಬೇಕಾದ ಕೆಲಸಗಳೆಂದು ನೋಡಬೇಕು. ನಮ್ಮಲ್ಲಿ ಹೊದಿಕೆಗೆ ಬೇಕಾದ ವಸ್ತುವಿಗೆ ಬರವಿಲ್ಲ: ಶೇಂಗಾ ಹೊಟ್ಟು, ಜೋಳದ ಕಣಿಕೆಯ ತುಂಡು, ಕಬ್ಬಿನ ರವದಿ, ಒಣ ಎಲೆ. ಮೂರರಿಂದ ನಾಲ್ಕು ಇಂಚು ದಪ್ಪ ಇರಲಿ. ಅದಕ್ಕಿಂತ ತೆಳುವಾದರೆ ಬೆಳಕು ಒಳಗಿಳಿದು ಬೀಜ ಮೊಳೆಯುತ್ತದೆ. ಕಾಂಡದ ಸುತ್ತ ಒಂದು ಗೇಣು ಜಾಗ ಖಾಲಿ ಬಿಡಲೇಬೇಕು. ಹಸಿ ಹೊದಿಕೆ ಕಾಂಡಕ್ಕೆ ತಾಗಿದರೆ ತೊಗಟೆ ಕೊಳೆಯುತ್ತದೆ, ಹಿಟ್ಟು ತಿಗಣೆಗೂ ಇರುವೆಗೂ ಅಡಗುವ ತಾಣವಾಗುತ್ತದೆ. ಮಸಾರಿಯಲ್ಲಿ ಗೆದ್ದಲಿನ ಕಾಟ ಇದ್ದರೆ ಕಣಿಕೆಗಿಂತ ಒಣ ಎಲೆ ಮತ್ತು ಚೆನ್ನಾಗಿ ಕಳಿತ ಗೊಬ್ಬರದ ಮಿಶ್ರಣ ಮೇಲು. ಎರೆಯಲ್ಲಿ ಹೊದಿಕೆಯ ಬೆಲೆ ಇಮ್ಮಡಿ: ಏಪ್ರಿಲ್‌ನಲ್ಲಿ ಎರೆ ಬಿರಿದಾಗ ಸೂಕ್ಷ್ಮ ಬೇರುಗಳು ಹರಿಯುತ್ತವೆ, ಹೊದಿಕೆ ಇದ್ದಲ್ಲಿ ಆ ಬಿರುಕು ಬಹಳ ಕಡಿಮೆ. ಹೊದಿಕೆಗೆ ಬಗ್ಗದ ಕಸವೆಂದರೆ ಜೇಕು. ಚೂಪಾದ ಅದರ ಮೊಳಕೆ ರವದಿಯನ್ನಷ್ಟೇ ಅಲ್ಲ, ತೆಳು ಪ್ಲಾಸ್ಟಿಕ್ ಹಾಳೆಯನ್ನೂ ತೂರಿ ಬರುತ್ತದೆ. ಹೊದಿಕೆಯ ಕೆಳಗೆ ಹಳೆಯ ರಟ್ಟಿನ ಪೆಟ್ಟಿಗೆಯನ್ನು ಬಿಚ್ಚಿ ಹಾಸಿದರೆ ಅದರ ವೇಗ ತಗ್ಗುತ್ತದೆ.

ಕಪ್ಪು ಪ್ಲಾಸ್ಟಿಕ್ ಹಾಳೆ ತೋಟದ ಸಾಲಿಗೆ ಒಳ್ಳೆಯದು, ಕೆಳಗೆ ಹನಿ ನೀರಾವರಿ ಇದ್ದರೆ. ಮನೆಯ ಒಂಟಿ ಗಿಡಕ್ಕೆ ನಾನು ಹೇಳುವುದಿಲ್ಲ. ಕೊಡದಿಂದ ನೀರು ಹಾಕುವವರಿಗೆ ಅದು ಅಡ್ಡಿ, ಎರಡು ಬೇಸಿಗೆ ದಾಟುವಷ್ಟರಲ್ಲಿ ಚೂರು ಚೂರಾಗಿ ಮಣ್ಣಿಗೆ ಸೇರುತ್ತದೆ.

ಕಳೆನಾಶಕದ ವಿಷಯದಲ್ಲಿ ನನ್ನ ಮಾತು ಖಚಿತ: ದಾಸವಾಳದ ಬುಡಕ್ಕೆ ಬೇಡ. ಗ್ಲೈಫೋಸೇಟ್ ಬಿದ್ದ ಹಸಿರು ಭಾಗದಿಂದ ಒಳಸೇರಿ ಬೇರಿನವರೆಗೆ ಇಳಿಯುವ ವಿಷ. ಜೇಕಿನ ಮೇಲೆ ಅದು ಕೆಲಸ ಮಾಡುವುದು ಇದೇ ಗುಣದಿಂದ, ದಾಸವಾಳದ ಬುಡದ ಎಳೆ ಚಿಗುರು ಮತ್ತು ಹಸಿರು ತೊಗಟೆಗೆ ಸಿಡಿದರೆ ಗಿಡ ಸೊರಗುವುದೂ ಇದೇ ಗುಣದಿಂದ. 2022ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಇದರ ಬಳಕೆಯನ್ನು ಪರವಾನಗಿ ಹೊಂದಿದ ಕೀಟ ನಿಯಂತ್ರಣ ನಿರ್ವಾಹಕರಿಗೆ ಸೀಮಿತಗೊಳಿಸುವ ಆದೇಶ ಹೊರಡಿಸಿತು. ಮನೆಯವರೇ ಡಬ್ಬಿ ತಂದು ಸಿಂಪಡಿಸುವ ವಸ್ತುವಲ್ಲ ಎಂಬುದಕ್ಕೆ ಅಷ್ಟು ಸಾಕು. 2,4–ಡಿ ಇನ್ನೂ ಕೆಟ್ಟದ್ದು. ಅಗಲ ಎಲೆಯ ಕಸಕ್ಕೆಂದು ತಯಾರಾದ ಅದಕ್ಕೆ ಹತ್ತಿಯ ಕುಟುಂಬ ಬಹಳ ಬೇಗ ನಲುಗುತ್ತದೆ. ಗಾಳಿಯಲ್ಲಿ ತೇಲಿ ಬಂದ ಸ್ವಲ್ಪವೇ ಸಾಕು, ಎಲೆಗಳು ಸೀಳಿ ಮುದುಡುತ್ತವೆ. ಪಕ್ಕದ ಹೊಲದಲ್ಲಿ ಗೋವಿನಜೋಳಕ್ಕೆ ಅದನ್ನು ಸಿಂಪಡಿಸುವ ದಿನ ನಿಮ್ಮ ಬೇಲಿಯ ದಾಸವಾಳಕ್ಕೂ ಅಪಾಯವಿದೆ ಎಂದು ಆ ರೈತರಿಗೆ ಮೊದಲೇ ತಿಳಿಸಿ.

ಉಪ್ಪು ಮತ್ತು ವಿನೆಗರ್ ಸುರಿಯುವ ಸಲಹೆ ಈಗ ಮೊಬೈಲ್‌ಗಳಲ್ಲಿ ಓಡಾಡುತ್ತಿದೆ. ಅದನ್ನು ಓದಿದಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಮಲಪ್ರಭಾ ಕಾಲುವೆಯ ನೀರು ಹೆಚ್ಚಾಗಿ ನವಲಗುಂದ, ನರಗುಂದದ ಎಷ್ಟೋ ಎರೆ ಹೊಲಗಳು ಉಪ್ಪೇರಿ ಸವಳಾದದ್ದನ್ನು ಕಂಡ ಸೀಮೆ ಇದು. ಸೋಡಿಯಂ ಸೇರಿದ ಎರೆ ತನ್ನ ಕಣಗಳ ಜೋಡಣೆ ಕಳೆದುಕೊಂಡು ನೀರು ಇಳಿಯದ ಗಟ್ಟಿ ಪದರವಾಗುತ್ತದೆ. ಅಂತಹ ಮಣ್ಣಿಗೆ ನಾವಾಗಿಯೇ ಅಡುಗೆ ಉಪ್ಪು ಸುರಿಯಬಾರದು. ಅಂಗಳದ ಕಲ್ಲುಹಾಸಿನ ಸಂದಿಯ ಕಸಕ್ಕೆ ಕುದಿಯುವ ನೀರು ಸಾಕು. ಗಿಡದ ಬೇರಿನ ವ್ಯಾಪ್ತಿಯಲ್ಲಿ ಅದೂ ಬೇಡ.

ಉಳಿದದ್ದು ಪಕ್ಕದ ಖಾಲಿ ನಿವೇಶನ. ನವನಗರ, ಕೇಶ್ವಾಪುರ, ಸಪ್ತಾಪುರ, ಯಾವ ಬಡಾವಣೆಗೆ ಹೋದರೂ ಕಟ್ಟದೆ ಬಿಟ್ಟ ನಿವೇಶನದಲ್ಲಿ ಕಾಂಗ್ರೆಸ್ ಕಸ ತುಂಬಿರುತ್ತದೆ. ಇಡೀ ನಿವೇಶನ ನಿಮ್ಮ ಕೈಗೆ ನಿಲುಕದು, ಆದರೆ ನಿಮ್ಮ ಕಾಂಪೌಂಡಿಗೆ ಹೊಂದಿಕೊಂಡ ಆರೇಳು ಅಡಿ ಪಟ್ಟಿಯನ್ನು ಮೃಗಶಿರ ಮಳೆಯ ನಂತರ ಒಮ್ಮೆ, ಹಸ್ತ ಮಳೆಯ ನಂತರ ಇನ್ನೊಮ್ಮೆ ಕಿತ್ತರೆ ತಿಗಣೆಯ ದಾರಿ ಬಹಳ ಮಟ್ಟಿಗೆ ಕಡಿಯುತ್ತದೆ. ಮಳೆಗಾಲದಲ್ಲಿ ಆ ಕಸದ ಎಲೆಗಳನ್ನು ತಿನ್ನುವ, ಬೂದು ಬಿಳುಪಿನ ಬೆನ್ನ ಮೇಲೆ ಕಂದು ಗೆರೆಗಳಿರುವ ಪುಟ್ಟ ದುಂಬಿ ಕಂಡರೆ ಅದನ್ನು ಕೊಲ್ಲಬೇಡಿ. ಅದು ಕಾಂಗ್ರೆಸ್ ಕಸಕ್ಕೆಂದೇ ಮೆಕ್ಸಿಕೊದಿಂದ ತಂದು 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟ ಜೈಗೋಗ್ರಾಮ ದುಂಬಿಯ ಸಂತತಿ.

ಕೀಟಕ್ಕೆ ಮೊದಲು ಗುರುತು, ಆಮೇಲೆ ಸಿಂಪರಣೆ

ಎಲೆ ಹಳದಿಯಾಯಿತೆಂದು ಕೀಟನಾಶಕ ತರುವವರಿದ್ದಾರೆ. ಗದಗ ಕಡೆಯ ಸುಣ್ಣದಂಶವುಳ್ಳ ಎರೆಯಲ್ಲಿ ಎಳೆ ಎಲೆ ಹಳದಿಯಾಗಿ ನರಗಳು ಮಾತ್ರ ಹಸಿರಾಗಿ ಉಳಿದರೆ ಅದು ಕಬ್ಬಿಣದ ಕೊರತೆ. ಯಾವ ಕೀಟನಾಶಕವೂ ಅದನ್ನು ಸರಿಪಡಿಸದು. ಮೊಗ್ಗು ಉದುರಿದರೆ ಒಂದನ್ನು ಉಗುರಿನಿಂದ ಸೀಳಿ ನೋಡಿ. ಒಳಗೆ ಹುಳುವಾಗಲಿ ನುಸಿಯಾಗಲಿ ಇಲ್ಲದಿದ್ದರೆ ಕಾರಣ ಹೆಚ್ಚಾಗಿ ನೀರಿನ ಏರುಪೇರು. ನಲ್ಲಿ ನೀರು ದಿನಗಟ್ಟಲೆ ಅಂತರದಲ್ಲಿ ಬರುವ ನಮ್ಮ ಊರುಗಳಲ್ಲಿ ಬಂದ ದಿನ ಗಿಡಕ್ಕೆ ಮಡಿ ತುಂಬ ನೀರು, ಆಮೇಲೆ ಬರಗಾಲ. ಇದಕ್ಕೂ ಹೊದಿಕೆಯೇ ಮದ್ದು.

ಇನ್ನು ನಿಜವಾದ ಕೀಟಗಳು. ನವೆಂಬರ್‌ನಿಂದ ಜನವರಿವರೆಗಿನ ತಂಪಿನಲ್ಲಿ ಮೊಗ್ಗಿನ ತೊಟ್ಟಿಗೆ ಗುಂಪಾಗಿ ಕೂರುವುದು ಸಸ್ಯಹೇನು. ಗಿಡ ಅಲುಗಿಸಿದಾಗ ಬಿಳಿ ಪುಡಿಯಂತೆ ಹಾರಿ ಮತ್ತೆ ಎಲೆಯಡಿ ಕೂರುವುದು ಬಿಳಿ ನೊಣ. ಎಲೆಯ ಅಂಚು ಮಡಚಿ ಹಳದಿಯಾದರೆ ಜಿಗಿಹುಳು. ಅತ್ಯಂತ ಮೊಂಡು ಹಿಟ್ಟು ತಿಗಣೆ. ಫೆಬ್ರುವರಿಯ ಬಿಸಿಲೇರಿದಾಗ ಹೆಚ್ಚತೊಡಗಿ ಮೇ ತಿಂಗಳವರೆಗೆ ಬೆಳೆಯುತ್ತದೆ. ಅದರಲ್ಲೂ ಕುಡಿ ಗಂಟುಗಂಟಾಗಿ, ಎಲೆಗಳು ಗೊಂಚಲಾಗಿ ಮುದುಡಿದ್ದರೆ ಅದು ಗುಲಾಬಿ ಹಿಟ್ಟು ತಿಗಣೆ. ಹೀರುವಾಗ ಅದು ಬಿಡುವ ಜೊಲ್ಲೇ ಕುಡಿಯನ್ನು ವಿಕಾರಗೊಳಿಸುತ್ತದೆ. ಆ ಕುಡಿ ಮತ್ತೆ ಸರಿಯಾಗದು. ಯಾವ ದ್ರಾವಣವೂ ಮುದುಡಿದ ಮಡಿಕೆಯೊಳಗೆ ಇಳಿಯುವುದಿಲ್ಲ, ಆದ್ದರಿಂದ ಅದಕ್ಕೆ ಕತ್ತರಿಯೇ ಔಷಧಿ.

ಕತ್ತರಿಸುವುದಕ್ಕೆ ಜನ ಹಿಂಜರಿಯುತ್ತಾರೆ, ಹೂವು ನಿಲ್ಲುತ್ತದೆ ಎಂಬ ಭಯ. ದಾಸವಾಳ ಹೂ ಬಿಡುವುದು ಹೊಸ ಚಿಗುರಿನಲ್ಲಿ. ಫೆಬ್ರುವರಿ ಕೊನೆಯಲ್ಲಿ ಅಥವಾ ಜೂನ್ ಮಳೆ ಹಿಡಿದಾಗ ಸವರಿದರೆ ಸುಮಾರು ಎರಡು ತಿಂಗಳು ಹೂವು ಕಡಿಮೆಯಾಗಿ ನಂತರ ಮೊದಲಿಗಿಂತ ಹೆಚ್ಚು ಬರುತ್ತದೆ. ಏಪ್ರಿಲ್ ಬಿಸಿಲಿನಲ್ಲಿ ಇಡೀ ಗಿಡ ಬೋಳಿಸಬೇಡಿ, ಸೋಂಕಿನ ಕುಡಿ ಮಾತ್ರ ತೆಗೆಯಿರಿ. ಕತ್ತರಿಸಿದ್ದನ್ನು ಸೋಪಿನ ನೀರಿನ ಬಕೆಟ್‌ಗೆ ನೇರವಾಗಿ ಹಾಕಿ. ಕಾಂಪೌಂಡಿನ ಆಚೆ ಎಸೆದರೆ ಪಕ್ಕದ ಕಾಂಗ್ರೆಸ್ ಕಸಕ್ಕೆ ತಿಗಣೆಯನ್ನು ನೀವೇ ಮುಟ್ಟಿಸಿದಂತೆ.

ಇರುವೆಯನ್ನು ತಡೆಯದೆ ಯಾವ ಸಿಂಪರಣೆಯನ್ನೂ ಆರಂಭಿಸಬೇಡಿ. ತಿಗಣೆ ಸ್ರವಿಸುವ ಸಿಹಿ ಅಂಟಿಗಾಗಿ ಇರುವೆ ಅದನ್ನು ಕಾಯುತ್ತದೆ, ತಿಗಣೆಯ ಶತ್ರುಗಳಾದ ಗುಲಗಂಜಿ ಹುಳುವನ್ನೂ ಪರಾವಲಂಬಿ ಕಣಜವನ್ನೂ ಅಟ್ಟುತ್ತದೆ, ಮರಿಗಳನ್ನು ಹೊಸ ಕೊಂಬೆಗೆ ಸಾಗಿಸುತ್ತದೆ. ಕಾಂಡಕ್ಕೆ ಪ್ಲಾಸ್ಟಿಕ್ ಪಟ್ಟಿ ಸುತ್ತಿ ಅದರ ಮೇಲೆ ಗ್ರೀಸ್ ಸವರಿದರೆ ಹತ್ತುವ ದಾರಿ ಮುಚ್ಚುತ್ತದೆ. ಗ್ರೀಸನ್ನು ನೇರವಾಗಿ ತೊಗಟೆಗೆ ಹಚ್ಚಬಾರದು. ಕುಂಡವಾದರೆ ನೀರು ತುಂಬಿದ ಅಗಲ ತಟ್ಟೆಯ ನಡುವೆ ಇಟ್ಟಿಗೆ ಇಟ್ಟು ಅದರ ಮೇಲೆ ಕುಂಡ ನಿಲ್ಲಿಸಿ, ವಾರಕ್ಕೊಮ್ಮೆ ನೀರು ಬದಲಿಸಿ. ಸೊಳ್ಳೆಗೆ ಅವಕಾಶ ಕೊಡಬಾರದು. ಕಸದ ಪ್ರಶ್ನೆ ಇಲ್ಲಿ ಮತ್ತೆ ಬರುತ್ತದೆ: ಎತ್ತರ ಬೆಳೆದ ಒಂದೇ ಒಂದು ಕಸದ ಟೊಂಗೆ ದಾಸವಾಳದ ಎಲೆಗೆ ತಾಗಿದ್ದರೂ ಇರುವೆ ಅದರ ಮೇಲೆ ದಾಟಿ ಹೋಗುತ್ತದೆ, ಗ್ರೀಸ್ ಪಟ್ಟಿ ವ್ಯರ್ಥ.

ನೀರು, ಸೋಪು, ಬೇವು, ಶಿಲೀಂಧ್ರ

ಸಸ್ಯಹೇನಿಗೆ ರಭಸದ ನೀರು ಸಾಕು. ಬೆಳಿಗ್ಗೆ ಕೊಳವೆಯ ಬಾಯಿ ಹೆಬ್ಬೆರಳಿನಿಂದ ಒತ್ತಿ ಎಲೆಯಡಿಗೆ ಹೊಡೆದರೆ ಉದುರುತ್ತವೆ. ಉದುರಿದವುಗಳಲ್ಲಿ ಹೆಚ್ಚಿನವು ಮರಳಿ ಹತ್ತುವುದಿಲ್ಲ. ನೀರಿನ ಅಭಾವವಿರುವಾಗ ಇದು ದುಬಾರಿ ಎನಿಸಬಹುದು, ಆದರೆ ಆ ನೀರು ಬುಡಕ್ಕೇ ಇಳಿಯುವುದರಿಂದ ನೀರು ಹಾಕುವ ಸರದಿಯ ದಿನವೇ ಮಾಡಿದರೆ ನಷ್ಟವಿಲ್ಲ. ಹಿಟ್ಟು ತಿಗಣೆಗೆ ನೀರು ಪೂರಕ ಮಾತ್ರ. ಮೇಣದ ಹೊದಿಕೆಯ ಪ್ರೌಢ ತಿಗಣೆ ಅಲ್ಲಾಡುವುದಿಲ್ಲ, ಮೊಟ್ಟೆಯ ಹತ್ತಿಯಂತಹ ಚೀಲ ಸಡಿಲವಾಗಿ ಹರಿಯುತ್ತದೆ, ಅಷ್ಟೇ.

ಸೋಪಿನ ದ್ರಾವಣ ಮೃದು ದೇಹದ ಕೀಟಗಳ ಮೇಣ ಮತ್ತು ಚರ್ಮವನ್ನು ಭೇದಿಸಿ ಒಣಗಿಸುತ್ತದೆ. ಲೀಟರ್ ನೀರಿಗೆ 5 ಗ್ರಾಂ ಸಾದಾ ಬಾರ್ ಸೋಪು ತುರಿದು ಕರಗಿಸಿದರೆ ಸಾಕು. ಬಟ್ಟೆಯ ಡಿಟರ್ಜೆಂಟ್ ಪುಡಿ ಎಲೆ ಸುಡುತ್ತದೆ. ನಮ್ಮ ಕಡೆ ಸೋಪು ಕೈಕೊಡುವುದಕ್ಕೆ ದೊಡ್ಡ ಕಾರಣ ನೀರು. ಕೊಳವೆಬಾವಿಯ ಗಡಸು ನೀರಿನಲ್ಲಿ ಸೋಪು ನೊರೆಯಾಗದೆ ಬಿಳಿ ಕೆನೆಯಾಗಿ ಒಡೆದು ನಿಲ್ಲುತ್ತದೆ. ಆ ದ್ರಾವಣದಲ್ಲಿ ಕೊಲ್ಲುವ ಶಕ್ತಿ ಉಳಿದಿರುವುದಿಲ್ಲ, ಪಂಪಿನ ನಳಿಕೆಯೂ ಕಟ್ಟುತ್ತದೆ. ಗದಗ, ಮುಂಡರಗಿ ಕಡೆಯವರು ಸೋಪು ಪ್ರಯೋಜನವಿಲ್ಲ ಎಂದರೆ ನಾನು ಮೊದಲು ಕೇಳುವುದು ಯಾವ ನೀರು ಎಂದು. ಹೊಳೆಯ ನೀರು ಅಥವಾ ತಾರಸಿಯಿಂದ ಹಿಡಿದ ಮಳೆ ನೀರು ಬಳಸಿ.

ಬೇವು ನಿಧಾನ, ಆದರೆ ವ್ಯಾಪ್ತಿ ದೊಡ್ಡದು. ತಕ್ಷಣ ಕೊಲ್ಲುವುದಕ್ಕಿಂತ ಮರಿ ಪೊರೆ ಕಳಚದಂತೆ, ಹೀರದಂತೆ ಮಾಡುವುದು ಅದರ ಕ್ರಮ. ಅಂಗಡಿಯ ಬೇವಿನ ಎಣ್ಣೆಯಾದರೆ ಲೀಟರಿಗೆ 5 ಮಿಲಿ, ಬೆರೆಯಲು ಸ್ವಲ್ಪ ಸೋಪು. ಮನೆಯಲ್ಲೇ ಮಾಡುವುದಾದರೆ ಬೇವಿನ ಬೀಜದ ತಿರುಳಿನ ಪುಡಿ 50 ಗ್ರಾಂ ಬಟ್ಟೆಯಲ್ಲಿ ಕಟ್ಟಿ ಒಂದು ಲೀಟರ್ ನೀರಿನಲ್ಲಿ ರಾತ್ರಿಯಿಡೀ ನೆನೆಸಿ, ಹಿಂಡಿ, ಸೋಸಿ. ಬೇಸಿಗೆಯ ಕೊನೆಗೆ, ಮಳೆಗಾಲದ ಹೊಸ್ತಿಲಲ್ಲಿ ನಮ್ಮ ರಸ್ತೆಗಳ ಬದಿಯ ಬೇವಿನಡಿ ಹಣ್ಣು ಬಿದ್ದಿರುತ್ತವೆ. ಆರಿಸಿ, ಬೀಜದ ಮೇಲಿನ ಹಣ್ಣಿನ ಭಾಗ ತೊಳೆದು ತೆಗೆದು, ಬೀಜವನ್ನು ನೆರಳಲ್ಲಿ ಒಣಗಿಸಿಟ್ಟರೆ ಆ ವರ್ಷಕ್ಕೆ ಸಾಕು. ಬೇವಿನ ಗುಣ ಬಿಸಿಲಿಗೆ ಬೇಗ ಕರಗುತ್ತದೆ, ಹಾಗಾಗಿ ಸಂಜೆಯೇ ಸಿಂಪಡಿಸಬೇಕು, ಎಲೆಯ ಅಡಿಭಾಗ ತೊಯ್ಯಬೇಕು.

ಸೋಪಾಗಲಿ ಬೇವಾಗಲಿ ಒಂದೇ ಸಲ ಹೊಡೆದು ಬಿಟ್ಟರೆ ಎರಡೂ ಸೋಲುತ್ತವೆ. ಒಂದು ಹೆಣ್ಣು ತಿಗಣೆ ನೂರಾರು ಮೊಟ್ಟೆ ಇಡುತ್ತದೆ, ಚೀಲದೊಳಗಿನ ಮೊಟ್ಟೆಗೆ ದ್ರಾವಣ ತಾಗುವುದಿಲ್ಲ. ಸಾಯುವುದು ಆಗಷ್ಟೇ ಹೊರಬಂದ, ಮೇಣವಿನ್ನೂ ಕಟ್ಟದ ಮರಿಗಳು. ಏಳರಿಂದ ಹತ್ತು ದಿನಕ್ಕೊಮ್ಮೆ ಮೂರು ಸಲ ಸಿಂಪಡಿಸಿದರೆ ಒಂದು ತಲೆಮಾರಿನ ಮರಿಗಳೆಲ್ಲ ಸಿಕ್ಕಿಬೀಳುತ್ತವೆ.

ಮೆಣಸಿನಕಾಯಿ–ಬೆಳ್ಳುಳ್ಳಿ ಕಷಾಯ ಮಾಡುವವರಿಗೆ ಒಂದು ಮಾತು. ಬ್ಯಾಡಗಿ ಮೆಣಸಿನಕಾಯಿ ಇದಕ್ಕೆ ತಕ್ಕುದಲ್ಲ; ಅದರ ಹಿರಿಮೆ ಬಣ್ಣದಲ್ಲಿದೆ, ಖಾರ ಕಡಿಮೆ. ಕೀಟವನ್ನು ದೂರವಿಡುವುದು ಖಾರದ ಅಂಶ, ಆದ್ದರಿಂದ ಗುಂಟೂರಿನಂತಹ ಖಾರದ ಕಾಯಿ ಬೇಕು. ಹಾಗಿದ್ದರೂ ಇದು ಎಲೆ ತಿನ್ನುವ ಹುಳುಗಳನ್ನು ಅಟ್ಟುತ್ತದೆಯೇ ಹೊರತು ಹಿಟ್ಟು ತಿಗಣೆಯ ಮೇಣಕ್ಕೆ ಏನೂ ಮಾಡದು. ತಂಬಾಕಿನ ಕಷಾಯ ಬೇಡವೇ ಬೇಡ: ನಿಕೋಟಿನ್ ಮನುಷ್ಯರಿಗೂ ವಿಷ, ತಂಬಾಕಿನ ಮೂಲಕ ಬರುವ ನಂಜು ರೋಗ ಪಕ್ಕದ ಟೊಮೆಟೊ, ಮೆಣಸಿನ ಗಿಡಗಳಿಗೆ ಅಂಟಬಹುದು. ಒಲೆಯ ಬೂದಿಯನ್ನು ಮಸಾರಿಯ ಗಿಡಕ್ಕೆ ಆಗಾಗ ಉದುರಿಸಿದರೆ ತೊಂದರೆಯಿಲ್ಲ. ಎರೆ ಈಗಾಗಲೇ ಕ್ಷಾರೀಯ, ಅಲ್ಲಿ ಬೂದಿ ಹೆಚ್ಚಿಸಬೇಡಿ.

ಲೆಕಾನಿಸಿಲಿಯಂ, ಬ್ಯುವೇರಿಯಾ ಎಂಬ ಶಿಲೀಂಧ್ರಗಳ ಪುಡಿ ಲೀಟರಿಗೆ 5 ಗ್ರಾಂ ಬೆರೆಸಿ ಸಿಂಪಡಿಸುವ ದಾರಿಯೂ ಇದೆ. ಇವು ಕೀಟದ ಮೈಮೇಲೆ ಬೆಳೆದು ಅದನ್ನು ಕೊಲ್ಲುವ ಜೀವಿಗಳು, ಬೆಳೆಯಲು ತೇವಾಂಶ ಬೇಕು. ಜುಲೈ–ಸೆಪ್ಟೆಂಬರ್‌ನ ಜಿಟಿಜಿಟಿ ಮಳೆಯ ನಡುವಿನ ಧಾರವಾಡದಲ್ಲಿ, ಹಾನಗಲ್ಲಿನಲ್ಲಿ ಚೆನ್ನಾಗಿ ಕೆಲಸ ಮಾಡುತ್ತವೆ. ಏಪ್ರಿಲ್‌ನ ಗದಗದ ಒಣ ಬಿಸಿಲಿನಲ್ಲಿ ಹಣ ಹಾಳು. ಕೊಳ್ಳುವಾಗ ತಯಾರಿಕೆಯ ದಿನಾಂಕ ನೋಡಿ. ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಕೃಷಿ ಮೇಳಕ್ಕೆ ಹೋದವರು ಅಲ್ಲಿಯ ತಜ್ಞರ ಬಳಿ ಎಲೆಯ ಮಾದರಿ ತೋರಿಸಿ ಕೇಳುವುದು ಇನ್ನೂ ಒಳ್ಳೆಯದು.

ಸಿಂಪಡಿಸುವ ಮುಂಚೆ ಕೊಂಬೆಯನ್ನು ಹತ್ತಿರದಿಂದ ನೋಡಿ. ತಿಗಣೆಗಳ ನಡುವೆ ಅವುಗಳಿಗಿಂತ ದೊಡ್ಡದಾದ, ಉದ್ದ ಬಿಳಿ ಎಳೆಗಳ, ಚುರುಕಾಗಿ ಓಡಾಡುವ ಹುಳು ಇದ್ದರೆ ಅದು ತಿಗಣೆಯಲ್ಲ. ಅದು ಕ್ರಿಪ್ಟೊಲೀಮಸ್ ಎಂಬ ಗುಲಗಂಜಿ ಹುಳುವಿನ ಮರಿ, ದಿನವಿಡೀ ತಿಗಣೆಯನ್ನೇ ತಿನ್ನುತ್ತದೆ. ಆಸ್ಟ್ರೇಲಿಯಾ ಮೂಲದ ಇದನ್ನು 1898ರಲ್ಲೇ ಭಾರತಕ್ಕೆ ತರಲಾಗಿತ್ತು. ಕಂದು ಬಣ್ಣಕ್ಕೆ ತಿರುಗಿ ಉಬ್ಬಿ ಗಟ್ಟಿಯಾದ ತಿಗಣೆಗಳು ಕಂಡರೆ ಅವುಗಳೊಳಗೆ ಕಣಜದ ಮರಿ ಬೆಳೆಯುತ್ತಿದೆ. ಇವೆರಡರಲ್ಲಿ ಯಾವುದು ಕಂಡರೂ ಎರಡು ವಾರ ಕೈಕಟ್ಟಿ ಕಾಯಿರಿ. ಇರುವೆ ಪಟ್ಟಿ ಮಾತ್ರ ಇರಲಿ.

ರಾಸಾಯನಿಕ ಯಾವಾಗ?

ಇಮಿಡಾಕ್ಲೋಪ್ರಿಡ್ 17.8 ಎಸ್ಎಲ್ ಲೀಟರಿಗೆ 0.3 ಮಿಲಿ ಹೊಡೆದರೆ ತಿಗಣೆ, ಜಿಗಿಹುಳು ಬೇಗ ಇಳಿಯುತ್ತವೆ, ಅದನ್ನು ಅಲ್ಲಗಳೆಯಲಾಗದು. ಅದು ಗಿಡದ ರಸದಲ್ಲಿ ಸೇರುತ್ತದೆ, ಹೂವಿನ ಮಕರಂದಕ್ಕೂ ತಲುಪುತ್ತದೆ. ಬೆಳಿಗ್ಗೆ ದಾಸವಾಳಕ್ಕೆ ಬರುವ ಸೂರಕ್ಕಿಯೂ ಜೇನೂ ಅದನ್ನೇ ಹೀರುತ್ತವೆ. ನಾವು ಆ ಹೂವನ್ನು ದೇವರಿಗೆ ಏರಿಸುತ್ತೇವೆ, ಎಲೆ ಅರೆದು ತಲೆಗೆ ಹಚ್ಚುತ್ತೇವೆ, ಕೆಲವರು ದಳವನ್ನು ಚಹಾ ಮಾಡಿ ಕುಡಿಯುತ್ತಾರೆ. ಪದೇ ಪದೇ ಬಳಸಿದರೆ ಮೈಟ್ ನುಸಿ ಹೆಚ್ಚುವ ತೊಂದರೆಯೂ ಇದೆ. ಅಂಗಳದ ಗಿಡಕ್ಕೆ ನಾನು ಇದನ್ನು ಹೇಳುವುದಿಲ್ಲ. ಹತ್ತಿ ಹೊಲದ ಅಂಚಿನ ಉದ್ದ ಬೇಲಿಯಲ್ಲಿ, ಸವರುವುದೂ ಬೇವೂ ಸೋತಾಗ, ಒಂದು ಸಲ, ಹೂ ಮೊಗ್ಗು ಕತ್ತರಿಸಿದ ಬಳಿಕ, ಗಾಳಿ ಇಲ್ಲದ ಸಂಜೆ ಮಾತ್ರ ಒಪ್ಪುತ್ತೇನೆ.

ಡಬ್ಬಿಯ ಮೇಲಿನ ತ್ರಿಕೋನ ಗಮನಿಸಿ: ಕೆಂಪು ಅತ್ಯಂತ ವಿಷಕಾರಿ, ಹಳದಿ ಅದರ ನಂತರ, ಆಮೇಲೆ ನೀಲಿ, ಕೊನೆಗೆ ಹಸಿರು. ಕೆಂಪು, ಹಳದಿ ಮನೆಯ ಹೊಸ್ತಿಲು ದಾಟಬಾರದು. ಹಳೆಯ ಗೂಡಿನಲ್ಲಿ ಡೈಕ್ಲೋರ್‌ವಾಸ್ ಎಂಬ ಕೀಟನಾಶಕದ ಬಾಟಲಿ ಉಳಿದಿದ್ದರೆ ಮುಟ್ಟಬೇಡಿ. ಅದರ ಬಳಕೆ 2020ರ ಡಿಸೆಂಬರ್ 31ರಿಂದ ದೇಶದಲ್ಲಿ ನಿಷಿದ್ಧ.

ಯಾರಿಗೆ ಯಾವುದು

ಹುಬ್ಬಳ್ಳಿಯ ತಾರಸಿಯ ಕುಂಡಕ್ಕೆ: ಕಸ ಬೆರಳಿಂದಲೇ ಕಿತ್ತು, ತಟ್ಟೆಯ ನೀರಿನಿಂದ ಇರುವೆ ತಡೆದು, ನಾಲ್ಕಾರು ತಿಗಣೆ ಇದ್ದಾಗಲೇ ಸ್ಪಿರಿಟ್ ಅದ್ದಿದ ಹತ್ತಿಯಿಂದ ಒರೆಸಿಬಿಡಿ, ಸಿಂಪರಣೆಯೇ ಬೇಕಾಗದು. ಧಾರವಾಡದ ಮಸಾರಿ ಅಂಗಳಕ್ಕೆ: ಮಳೆಗಾಲದಲ್ಲಿ ಕೈಕೆಲಸ, ಎಲೆಗೊಬ್ಬರದ ಹೊದಿಕೆ, ಆಗಸ್ಟ್‌ನಲ್ಲಿ ಶಿಲೀಂಧ್ರ, ಫೆಬ್ರುವರಿಯಲ್ಲಿ ಸವರಿ ಬೇವು. ಗದಗ, ನವಲಗುಂದದ ಎರೆಗೆ: ಹದ ಕಾದು ಕುರ್ಪಿ, ದಪ್ಪ ಹೊದಿಕೆ, ಮಳೆ ನೀರಿನ ಸೋಪು. ಹಾವೇರಿ ಕಡೆ ಹೊಲದಂಚಿನ ಬೇಲಿಗೆ: ಹತ್ತಿ ಕಟಾವಿನ ನಂತರ ಕಟ್ಟಿಗೆಯನ್ನು ಹೊಲದಲ್ಲೇ ಬಿಡದೆ ತೆಗೆಯುವುದು, ಬೇಲಿಯ ಎರಡೂ ಬದಿ ಕಾಂಗ್ರೆಸ್ ಕಸವನ್ನು ಹೂವಿನ ಮುಂಚೆ ಕೀಳುವುದು, ಬೇಲಿಯನ್ನು ವರ್ಷಕ್ಕೊಮ್ಮೆ ಸೊಂಟದೆತ್ತರಕ್ಕೆ ಸವರುವುದು. ಎಲ್ಲೆಡೆಯೂ ಯೂರಿಯಾ ಕಡಿಮೆ ಮಾಡಿ. ಅದು ಹುಟ್ಟಿಸುವ ಮೆತ್ತನೆಯ ಚಿಗುರು ಹೀರುವ ಕೀಟಗಳನ್ನು ಕರೆಯುತ್ತದೆ, ಜೊತೆಗೆ ಕಸವನ್ನೂ ಬೆಳೆಸುತ್ತದೆ.

ಅರ್ಧಕ್ಕಿಂತ ಹೆಚ್ಚು ಕುಡಿಗಳು ಗಂಟಾಗಿ ಮುದುಡಿದ ಹಳೆಯ ಗಿಡವಾದರೆ ಜೂನ್‌ನಲ್ಲಿ ಮೊಣಕಾಲೆತ್ತರಕ್ಕೆ ಕತ್ತರಿಸಿ, ತೊಗಟೆಯ ಸಂದಿಗಳನ್ನು ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಸೋಪು ನೀರು ಹಾಕಿ ಉಜ್ಜಿ ಹೊಸ ಚಿಗುರಿಗೆ ಅವಕಾಶ ಕೊಡಿ. ಅದರಲ್ಲೂ ತಿಗಣೆ ಮರಳಿದರೆ ಕಿತ್ತು ತೆಗೆಯುವುದೇ ಸರಿ. ಬದಲಿಗೆ ತರುವ ಗಿಡವನ್ನಾಗಲಿ, ಪರಿಚಿತರು ಕೊಟ್ಟ ಕಡ್ಡಿಯನ್ನಾಗಲಿ ಎಲೆಯಡಿ, ಎಲೆ ಕಂಕುಳು, ಕುಂಡದ ತಳದ ರಂಧ್ರ ಮೂರೂ ಕಡೆ ನೋಡಿ, ಎರಡು ವಾರ ಉಳಿದ ಗಿಡಗಳಿಂದ ದೂರವಿಟ್ಟು, ಕುಂಡದ ಮಣ್ಣಿನಲ್ಲಿ ಜೇಕಿನ ಮೊಳಕೆ ಏಳುತ್ತದೆಯೇ ಎಂಬುದನ್ನೂ ಖಚಿತ ಮಾಡಿಕೊಂಡು ನೆಲಕ್ಕಿಳಿಸಿ.